ಹೆಜ್ಜಾರ್ಲೆಯ ಚಿತ್ರ

ಮಂಗಳೂರಿನ ಮೀನುಗಾರಿಕೆಯ ಧಕ್ಕೆಯಲ್ಲಿ ಬೆಳಗು ಬಹು ಬೇಗನೆ ಆರಂಭವಾಗುತ್ತದೆ. ನಸುಕಿನ ಬೆಳಕಿನಲ್ಲಿ ದೋಣಿಗಳು ಅಳಿವೆಯನ್ನು ದಾಟಿ ಒಳಗೆ ಬರುತ್ತವೆ. ಮೀನಿನ ಬುಟ್ಟಿಗಳು ಇಳಿಯುತ್ತವೆ. ಹರಾಜಿನ ಕೂಗು ಏಳುತ್ತದೆ. ಆ ಗದ್ದಲದ ನಡುವೆ, ಜನರ ತಲೆಯ ಮೇಲೆ ಸ್ವಲ್ಪವೇ ಎತ್ತರದಲ್ಲಿ, ಬಿಳಿಯ ಎದೆಯ, ಕೆಂಗಂದು ರೆಕ್ಕೆಯ ಗರುಡಗಳು ಸುತ್ತುತ್ತಿರುತ್ತವೆ. ಚಳಿಗಾಲವಾದರೆ ಉತ್ತರದ ದೂರದೇಶಗಳಿಂದ ವಲಸೆ ಬಂದ ಕಡಲಹಕ್ಕಿಗಳೂ ಅವುಗಳ ಜೊತೆ ಸೇರಿಕೊಳ್ಳುತ್ತವೆ. ಕ್ಯಾಮೆರಾ ಹಿಡಿದ ತರುಣನೊಬ್ಬನು ಅಲ್ಲಿ ಒಂದು ಗಂಟೆ ನಿಂತರೆ ಸಾಕು, ಗರುಡನ ಕಣ್ಣಿನ ಹೊಳಪು, ಉಗುರಿನ ಬಾಗು, ರೆಕ್ಕೆಯ ಒಂದೊಂದು ಗರಿ ಎಲ್ಲವೂ ಅವನ ಚಿತ್ರದಲ್ಲಿ ಮೂಡುತ್ತವೆ. ಅದೇ ತರುಣನು ಜನಸಂಚಾರವಿಲ್ಲದ ನದೀತೀರದಲ್ಲಿ ಅದೇ ಜಾತಿಯ ಹಕ್ಕಿಯ ಬಳಿಗೆ ಹೋಗಲು ಯತ್ನಿಸಿದರೆ, ಅವನು ಕ್ಯಾಮೆರಾ ಎತ್ತುವ ಮೊದಲೇ ಅದು ಎದ್ದು ಆಚೆಯ ದಡದ ತೆಂಗಿನ ಮರವನ್ನು ಸೇರಿರುತ್ತದೆ.

ಈ ವ್ಯತ್ಯಾಸಕ್ಕೆ ಕಾರಣ ತರುಣನ ಕೈಚಳಕವಲ್ಲ. ಕ್ಯಾಮೆರಾದ ಬೆಲೆಯೂ ಅಲ್ಲ. ಧಕ್ಕೆಯ ಜನ ಗರುಡನಿಗೆ ಕಲ್ಲೆಸೆಯುವವರಲ್ಲ. ಅದು ವಿಷ್ಣುವಿನ ವಾಹನವೆಂಬ ಭಾವನೆ ಕೆಲವರದು. ಎಸೆದ ಮೀನಿನ ಕರುಳನ್ನು ತಿಂದು ದಂಡೆಯನ್ನು ಚೊಕ್ಕಟಗೊಳಿಸುವ ಹಕ್ಕಿಯೆಂಬ ಲೆಕ್ಕಾಚಾರ ಇನ್ನು ಕೆಲವರದು. ಹೆಚ್ಚಿನವರಿಗೆ ಅತ್ತ ನೋಡಲು ಬಿಡುವೇ ಇಲ್ಲ. ಕಾರಣ ಏನೇ ಇರಲಿ, ಅಲ್ಲಿಯ ಹಕ್ಕಿಗೆ ಮನುಷ್ಯನ ಭಯ ತಗ್ಗಿದೆ. ಹಕ್ಕಿಯ ಸಾಮೀಪ್ಯವೆಂಬುದು ಆಯಾ ಊರಿನ ಜನರು ದೀರ್ಘಕಾಲದಲ್ಲಿ ಗಳಿಸಿಟ್ಟ ಸಂಪತ್ತು. ಛಾಯಾಗ್ರಾಹಕನು ಒಂದು ದಿನ ಬಂದು ಅದರಲ್ಲಿ ಒಂದು ಪಾಲನ್ನು ಎತ್ತಿಕೊಂಡು ಹೋಗುತ್ತಾನೆ. ಧಕ್ಕೆಯ ಗರುಡನ ವಿಷಯದಲ್ಲಿ ಈ ಮಾತು ಅಷ್ಟು ಮುಖ್ಯವೆಂದು ತೋರದಿರಬಹುದು. ಹೆಜ್ಜಾರ್ಲೆಯ ವಿಷಯದಲ್ಲಿ ಅದಕ್ಕಿಂತ ಮುಖ್ಯವಾದ ಮಾತು ಬೇರೊಂದಿಲ್ಲ.

ಹೆಜ್ಜಾರ್ಲೆಯೆಂದರೆ ಚುಕ್ಕೆ ಕೊಕ್ಕಿನ ಪೆಲಿಕನ್. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲನ್ನು ಸೇರುವ ಮಂಗಳೂರಿನ ಅಳಿವೆಯಲ್ಲಿ ಬೆಳ್ಳಕ್ಕಿಗಳು, ನೀರುಕಾಗೆಗಳು ಹೇರಳ. ಆದರೆ ಹೆಜ್ಜಾರ್ಲೆ ಅಲ್ಲಿಯ ದಿನನಿತ್ಯದ ನೋಟವಲ್ಲ. ಅದನ್ನು ಮನದಣಿಯೆ ಕಂಡು ಚಿತ್ರ ತೆಗೆಯಬೇಕೆನ್ನುವ ಮಂಗಳೂರಿಗನು ಘಟ್ಟವನ್ನು ಹತ್ತಬೇಕು. ಮಡಿಕೇರಿಯ ದಾರಿಯಲ್ಲಿ ಮೈಸೂರನ್ನು ತಲುಪಿದರೆ ಹತ್ತಿರದಲ್ಲಿಯೇ ಕಾವೇರಿಯ ನಡುಗಡ್ಡೆಗಳ ರಂಗನತಿಟ್ಟು ಇದೆ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನವು 1940ರಲ್ಲಿಯೇ ಅದನ್ನು ಪಕ್ಷಿಧಾಮವೆಂದು ಘೋಷಿಸಿತು. ಅಲ್ಲಿಂದ ಬೆಂಗಳೂರಿನ ಹೆದ್ದಾರಿಯಲ್ಲಿ ಮುಂದುವರಿದು, ಮದ್ದೂರನ್ನು ದಾಟಿ, ರುದ್ರಾಕ್ಷಿಪುರದ ಬಳಿ ದಕ್ಷಿಣಕ್ಕೆ ಹೊರಳಿದರೆ ಶಿಂಷಾ ನದಿಯ ಸಮೀಪದಲ್ಲಿ ಒಂದು ಹಳ್ಳಿ ಸಿಗುತ್ತದೆ. ಹಕ್ಕಿಗಳ ದೆಸೆಯಿಂದಲೇ ಅದಕ್ಕೆ ಕೊಕ್ಕರೆ ಬೆಳ್ಳೂರು ಎಂಬ ಹೆಸರು ಬಂದಿದೆ.

ಆ ಊರನ್ನು ಮೊದಲ ಬಾರಿಗೆ ಕಾಣುವವನು ಚಕಿತನಾಗದೆ ಇರಲಾರ. ಅಲ್ಲಿ ಕಾಡಿಲ್ಲ, ವಿಶಾಲವಾದ ಸರೋವರವೂ ಇಲ್ಲ. ಹೆಂಚಿನ ಮನೆಗಳು, ದನದ ಕೊಟ್ಟಿಗೆಗಳು, ರಾಗಿಯ ಬಣವೆಗಳು, ಬೀದಿಯಲ್ಲಿ ಆಡುವ ಮಕ್ಕಳು. ಮನೆಗಳ ಹಿತ್ತಿಲಿನಲ್ಲಿ, ಬೀದಿಯ ಬದಿಯಲ್ಲಿ ಹುಣಸೆ, ಆಲ, ಅರಳಿ ಮುಂತಾದ ಮರಗಳು. ಆ ಮರಗಳ ನೆತ್ತಿಯ ಮೇಲೆ, ಕಡ್ಡಿಗಳನ್ನು ಒಡ್ಡೊಡ್ಡಾಗಿ ಹೆಣೆದ ಗೂಡುಗಳಲ್ಲಿ, ಕೊಕ್ಕಿನಿಂದ ಬಾಲದವರೆಗೆ ಸುಮಾರು 140 ಸೆಂಟಿಮೀಟರು ಉದ್ದದ ಬೂದುಬಿಳಿ ಬಣ್ಣದ ಮಹಾಪಕ್ಷಿಗಳು. ಕೊಕ್ಕಿನ ಕೆಳಗೆ ಜೋಲುವ ಚರ್ಮದ ಚೀಲ. ಮೇಲ್ಗೊಕ್ಕಿನ ಅಂಚಿನಲ್ಲಿ ಸಾಲುಗಟ್ಟಿದ ಚುಕ್ಕೆಗಳು. ನೆಲದ ಮೇಲೆ ಅವು ಓಲಾಡುತ್ತ ನಡೆಯುವುದನ್ನು ಕಂಡರೆ ನಗು ಬರುತ್ತದೆ; ಬಾನಿನಲ್ಲಿ ರೆಕ್ಕೆ ಬಿಚ್ಚಿ ಬಿಸಿಗಾಳಿಯ ಮೇಲೆ ತೇಲುವುದನ್ನು ಕಂಡರೆ ಆ ನಗು ತಾನಾಗಿ ಅಡಗುತ್ತದೆ. ಪಕ್ಕದ ಕೊಂಬೆಗಳಲ್ಲಿ ಬಣ್ಣದ ಕೊಕ್ಕರೆಗಳು ನೆರೆಹೊರೆಯವರಂತೆ ಸಂಸಾರ ಹೂಡಿರುತ್ತವೆ.

ಈ ಹಕ್ಕಿಗಳು ಮಳೆಗಾಲದ ಅನಂತರ ಊರಿಗೆ ಬಂದು, ಮೊಟ್ಟೆಯಿಟ್ಟು, ಮರಿಮಾಡಿ, ಬೇಸಿಗೆಯ ಕೊನೆಗೆ ಹೊರಟುಹೋಗುತ್ತವೆ. ಆಹಾರಕ್ಕಾಗಿ ಶಿಂಷೆಯ ಮಡುಗಳಿಗೆ, ತೈಲೂರು ಕೆರೆಯಂತಹ ಸುತ್ತಣ ಕೆರೆಗಳಿಗೆ ಹಾರುತ್ತವೆ. ಊರಿನವರು ಇವನ್ನು ಹೆರಿಗೆಗೆಂದು ತವರಿಗೆ ಬರುವ ಹೆಣ್ಣುಮಕ್ಕಳೆಂದು ಕರೆಯುತ್ತಾರೆ. ಹಿಂದೆ ಪ್ಲೇಗಿಗೆ ಹೆದರಿ ಊರು ನದಿಯ ದಂಡೆಯಿಂದ ಈಗಿನ ಸ್ಥಳಕ್ಕೆ ಬಂದಾಗ ಹಕ್ಕಿಗಳೂ ಬೆನ್ನ ಹಿಂದೆಯೇ ಬಂದವೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಮರದ ಕೆಳಗೆ ಗುಂಡಿ ತೋಡಿ, ಬೀಳುವ ಹಿಕ್ಕೆಯನ್ನು ಕೆರೆಯ ಗೋಡಿನೊಡನೆ ಕೂಡಿಸಿ ಹೊಲಕ್ಕೆ ಹಾಕುವುದು ಅಲ್ಲಿಯ ಹಳೆಯ ರೂಢಿ. ಆದುದರಿಂದ ಊರಿಗೆ ಲಾಭವೇ ಇಲ್ಲವೆಂದು ಹೇಳುವಂತಿಲ್ಲ. ಆದರೆ ನಷ್ಟವೂ ಸಣ್ಣದಲ್ಲ. ಹಕ್ಕಿ ಗೂಡುಕಟ್ಟಿದ ಹುಣಸೆಯ ಮರದಲ್ಲಿ ಫಸಲು ಕೆಡುತ್ತದೆ. ಮೀನಿನ ವಾಸನೆ ಅಂಗಳವನ್ನು ಬಿಟ್ಟು ಹೋಗುವುದಿಲ್ಲ. ಮಾಡಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಹಿಕ್ಕೆ ಬೀಳುತ್ತದೆ. ಮರವನ್ನು ಕಡಿಸಿ ಮಾರಿದರೆ ಒಮ್ಮೆಗೇ ಹಣ ಕೈಸೇರುತ್ತದೆಂಬುದು ರೈತನಿಗೆ ತಿಳಿಯದ ಸಂಗತಿಯಲ್ಲ.

ಹೊರಗಿನ ಪಂಡಿತಲೋಕಕ್ಕೆ ಈ ಊರಿನ ಪರಿಚಯವಾದದ್ದು ತಡವಾಗಿ. ಕರ್ನಾಟಕದ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಇಲ್ಲಿಯ ಹೆಜ್ಜಾರ್ಲೆಗಳ ವಿಷಯವನ್ನು ಬೆಳಕಿಗೆ ತಂದರು. ಮರದ ಒಡೆಯರಿಗೆ ಅರಣ್ಯ ಇಲಾಖೆಯಿಂದ ಪರಿಹಾರಧನ ಸಿಗುವಂತಾದದ್ದು ಆಮೇಲೆಯೇ. 1990ರ ದಶಕದಲ್ಲಿ ಮೈಸೂರಿನ ನಿಸರ್ಗಾಸಕ್ತರೂ ಊರಿನ ತರುಣರೂ ಸೇರಿ ಹೆಜ್ಜಾರ್ಲೆ ಬಳಗವನ್ನು ಕಟ್ಟಿದರು. ಗೂಡಿನಿಂದ ನೆಲಕ್ಕೆ ಬಿದ್ದ ಮರಿಯನ್ನು ತಾಯಿತಂದೆಗಳು ಮತ್ತೆ ಮೇಲಕ್ಕೆ ಎತ್ತಿಕೊಳ್ಳಲಾರವು. ಅಲ್ಲಿಗೇ ಇಳಿದು ಉಣಿಸುವುದೂ ಇಲ್ಲ. ಅಂತಹ ಅನಾಥ ಮರಿಗಳನ್ನು ಎತ್ತಿ ತಂದು, ಬೇಲಿಯೊಳಗೆ ಇರಿಸಿ, ಮೀನು ತಿನ್ನಿಸಿ, ಹಾರಲು ಕಲಿತ ಮೇಲೆ ಬಿಟ್ಟುಬಿಡುವ ಕೆಲಸವನ್ನು ಈ ಬಳಗದವರು ಮಾಡಿದರು. ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯು ಜನರ ಜಮೀನಿನಲ್ಲಿ ಜನರೇ ಜೀವಿಗಳನ್ನು ಕಾಯುವ ‘ಸಮುದಾಯ ಮೀಸಲು’ ಎಂಬ ಹೊಸ ಬಗೆಯನ್ನು ತಂದಿತು. 2007ರಲ್ಲಿ ಕೊಕ್ಕರೆ ಬೆಳ್ಳೂರಿಗೆ ಆ ಮನ್ನಣೆ ದೊರೆಯಿತು.

ಇಂತಹ ಊರಿಗೆ ಈಗ ಛಾಯಾಗ್ರಾಹಕರು ಬರುತ್ತಾರೆ. ಮಂಗಳೂರಿನಿಂದ, ಬೆಂಗಳೂರಿನಿಂದ, ಪರರಾಜ್ಯಗಳಿಂದ, ವಿದೇಶಗಳಿಂದ ಬರುತ್ತಾರೆ. ಬರುವುದು ತಪ್ಪಲ್ಲ. ಛಾಯಾಚಿತ್ರವು ಹಕ್ಕಿಗಳಿಗೆ ಮಾಡಿದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯೇ ಸರಿ. ಹಿಂದಿನ ಕಾಲದಲ್ಲಿ ಪಕ್ಷಿಯೊಂದನ್ನು ಗುರುತಿಸಲು ಅದನ್ನು ಕೊಂದು, ಚರ್ಮ ಸುಲಿದು, ಹುಲ್ಲು ತುಂಬಿ ಇಡುತ್ತಿದ್ದರು. ಕ್ಯಾಮೆರಾ ಬಂದ ಮೇಲೆ ಕೋವಿಯ ಕೆಲಸ ಬಹುಮಟ್ಟಿಗೆ ತಪ್ಪಿತು. ಕರ್ನಾಟಕದಲ್ಲಿಯೇ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ ಮೊದಲಾದವರು ತೆಗೆದ ಚಿತ್ರಗಳು ಕಾಡನ್ನು ಎಂದೂ ಕಾಣದ ಜನರ ಮನಸ್ಸಿನಲ್ಲಿ ಕಾಡಿನ ಮೇಲೆ ಪ್ರೀತಿಯನ್ನು ಹುಟ್ಟಿಸಿದವು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಸುತ್ತಮುತ್ತ ಹಕ್ಕಿಗಳ ಚಿತ್ರ ತೆಗೆದದ್ದಲ್ಲದೆ ಅವುಗಳ ವಿಷಯವನ್ನು ಕನ್ನಡದಲ್ಲಿ ಬರೆದು ಮನೆಮನೆಗೆ ಮುಟ್ಟಿಸಿದರು. ಬಂದರು ಬಳಿಯ ಶಾಲೆಯಲ್ಲಿ ಕುಳಿತ ಹುಡುಗಿಗೆ ಹೆಜ್ಜಾರ್ಲೆ ಹೇಗಿರುತ್ತದೆಂದು ತಿಳಿಯುವುದು ಚಿತ್ರದಿಂದಲೇ ಅಲ್ಲವೆ?

ಆದರೆ ಹಕ್ಕಿಯ ಚಿತ್ರಕ್ಕೆ ಹುಟ್ಟಿನಿಂದಲೇ ಅಂಟಿಕೊಂಡ ಒಂದು ದೌರ್ಬಲ್ಯವಿದೆ. ಹಾರುವ ಹಕ್ಕಿಯನ್ನು ಹಿಡಿಯುವುದು ಕಷ್ಟ; ಗೂಡಿನಲ್ಲಿ ಕುಳಿತ ಹಕ್ಕಿ ಎಲ್ಲಿಗೂ ಹೋಗುವುದಿಲ್ಲ. ಆದುದರಿಂದ ಹಕ್ಕಿಗಳ ಛಾಯಾಗ್ರಹಣವು ಗೂಡಿನ ಬಳಿಯಲ್ಲಿಯೇ ಆರಂಭವಾಯಿತು. ಇಂಗ್ಲೆಂಡಿನಲ್ಲಿ ರಿಚರ್ಡ್ ಕೀರ್ಟನ್ ಮತ್ತು ಚೆರ್ರಿ ಕೀರ್ಟನ್ ಎಂಬ ಸೋದರರು 1892ರಲ್ಲಿ ಮೊಟ್ಟೆಗಳಿದ್ದ ಗೂಡೊಂದರ ಚಿತ್ರವನ್ನು ತೆಗೆದರು. ಹಕ್ಕಿಗಳಿಗೆ ಸಂಶಯ ಬಾರದಂತೆ ಸಮೀಪಿಸಲು ಅವರು ಟೊಳ್ಳಾದ ಎತ್ತಿನ ಗೊಂಬೆಯೊಂದನ್ನು ಮಾಡಿಸಿ ಅದರೊಳಗೆ ಕ್ಯಾಮೆರಾದೊಡನೆ ಹೊಕ್ಕು ನಿಲ್ಲುತ್ತಿದ್ದರು. ಟ್ರೋಜನ್ ಕುದುರೆಯ ಕಥೆಯನ್ನು ಓದಿದವರಿಗೆ ಇದು ನಗೆ ತರಿಸೀತು; ಆದರೂ ಆ ಎತ್ತಿನ ಹೊಟ್ಟೆಯಲ್ಲಿ ಗಂಟೆಗಟ್ಟಲೆ ಬಗ್ಗಿ ನಿಂತವರ ತಾಳ್ಮೆಗೆ ತಲೆಬಾಗಬೇಕು. ಅವರ ಬಳಿಕ ಬಂದ ಹಲವು ತಲೆಮಾರುಗಳವರು ಗೂಡಿನ ಎದುರು ಮರೆ ಕಟ್ಟಿ, ಅಡ್ಡಬಂದ ಕೊಂಬೆಗಳನ್ನು ಬದಿಗೆ ಕಟ್ಟಿ ಚಿತ್ರ ತೆಗೆದರು. ಆಗ ಅದು ತಪ್ಪೆಂದು ಬಹಳ ಮಂದಿಗೆ ತೋರಿರಲಿಲ್ಲ. ಫಿಲ್ಮಿನ ಸುರುಳಿಯಲ್ಲಿ 36 ಚಿತ್ರಗಳಿಗಷ್ಟೇ ಎಡೆ, ಕ್ಯಾಮೆರಾಗಳೂ ಬೆರಳೆಣಿಕೆಯಷ್ಟು. ಒಂದು ಗೂಡಿಗೆ ಒಬ್ಬ ಛಾಯಾಗ್ರಾಹಕನಿದ್ದ ಕಾಲದಲ್ಲಿ ನಡೆದುಹೋದದ್ದು, ಒಂದು ಗೂಡಿಗೆ ಐವತ್ತು ಕ್ಯಾಮೆರಾಗಳು ಮುಖಮಾಡುವ ಕಾಲದಲ್ಲಿ ನಡೆಯಲಾರದು.

ಹೆಜ್ಜಾರ್ಲೆಯ ಗೂಡಿನಲ್ಲಿ ನಡೆಯುವುದೇನೆಂಬುದನ್ನು ಅರಿತರೆ ಈ ಮಾತು ಸ್ಪಷ್ಟವಾಗುತ್ತದೆ. ಮೊಟ್ಟೆಯೊಡೆದು ಬರುವ ಮರಿಯ ಮೈಮೇಲೆ ಒಂದು ಎಳೆ ಪುಕ್ಕವೂ ಇರುವುದಿಲ್ಲ. ಅದು ತನ್ನ ಮೈಯ ಶಾಖವನ್ನು ತಾನೇ ಹತೋಟಿಯಲ್ಲಿ ಇಟ್ಟುಕೊಳ್ಳಲಾರದು. ಮಂಡ್ಯದ ಸೀಮೆಯ ಮಾರ್ಚ್ ತಿಂಗಳ ಬಿಸಿಲಿನಲ್ಲಿ ದೊಡ್ಡ ಹಕ್ಕಿಯು ಗೂಡಿನ ಅಂಚಿನಲ್ಲಿ ನಿಂತು, ತನ್ನ ಮೈಯನ್ನೇ ಮರೆಮಾಡಿ ನೆರಳು ಕೊಡುತ್ತದೆ. ಆಗ ಕೆಳಗಿನಿಂದ ಯಾರೋ ಚಪ್ಪಾಳೆ ತಟ್ಟುತ್ತಾರೆ; ಹಾರುವ ಭಂಗಿಯ ಚಿತ್ರ ಬೇಕೆಂಬುದಷ್ಟೇ ಅವರ ಆಸೆ. ಇಲ್ಲವೆ, ನಾಲ್ಕು ರೆಕ್ಕೆಗಳ ಯಂತ್ರವೊಂದು ಕ್ಯಾಮೆರಾವನ್ನು ಹೊತ್ತು ಗುಂಯ್‌ಗುಡುತ್ತ ಮರದ ನೆತ್ತಿಯ ಮೇಲೆ ಬಂದು ನಿಲ್ಲುತ್ತದೆ. ಹಕ್ಕಿ ಏಳುತ್ತದೆ. ಗೂಡು ಬಯಲಾಗುತ್ತದೆ. ಕಾಗೆಗೆ ಒಂದು ಮೊಟ್ಟೆಯನ್ನು ಕುಕ್ಕಿ ತೆಗೆಯಲು ಎಷ್ಟು ಹೊತ್ತು ಬೇಕು? ಗಾಬರಿಯಿಂದ ಸರಿದ ಮರಿ ಗೂಡಿನ ಅಂಚು ದಾಟಿ ಬೀಳಲು ಎಷ್ಟು ಹೊತ್ತು ಬೇಕು? ಕೆಳಗೆ ನಿಂತವನಿಗೆ ಇದೊಂದೂ ಕಾಣುವುದಿಲ್ಲ. ಅವನು ಬಾನಿನಲ್ಲಿರುವ ಹಕ್ಕಿಯನ್ನು ನೋಡುತ್ತಿರುತ್ತಾನೆ.

ಕೆಟ್ಟ ಮನಸ್ಸಿನಿಂದ ಯಾರೂ ಹೀಗೆ ಮಾಡುವುದಿಲ್ಲವೆಂಬುದು ನಿಜ. ಆದರೆ ಕಾನೂನು ಮನಸ್ಸನ್ನಷ್ಟೇ ನೋಡಿ ಸುಮ್ಮನಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ‘ಬೇಟೆ’ ಎಂಬ ಪದಕ್ಕೆ ಕೊಟ್ಟ ಅರ್ಥದೊಳಗೆ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು ಮಾತ್ರವಲ್ಲ, ಮೊಟ್ಟೆಯನ್ನಾಗಲಿ ಗೂಡನ್ನಾಗಲಿ ಕದಡುವುದೂ ಸೇರಿದೆ. ಕೋವಿ ಹಿಡಿದವನನ್ನೂ ಗೂಡನ್ನು ಕದಡಿದವನನ್ನೂ ಒಂದೇ ಪದದಿಂದ ಕರೆದ ಶಾಸನಕರ್ತರ ವಿವೇಕ ದೊಡ್ಡದು. ಅನೇಕ ಛಾಯಾಚಿತ್ರ ಸ್ಪರ್ಧೆಗಳವರು ಇಂದು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ಇದೂ ಒಳ್ಳೆಯ ನಿಯಮ. ಕೆಲವರು ಇದನ್ನು ಅತಿಯಾಯಿತೆಂದು ದೂರುತ್ತಾರೆ. ಊರಿನ ಹೆಂಗಸರು ದಿನವೆಲ್ಲ ಮರದ ಕೆಳಗೇ ಓಡಾಡುತ್ತಿರುವಾಗ ಛಾಯಾಗ್ರಾಹಕನೊಬ್ಬನು ನಿಂತರೆ ಹಕ್ಕಿಗೆ ಏನಾಗುತ್ತದೆಂದು ಕೇಳುತ್ತಾರೆ. ಮೇಲುನೋಟಕ್ಕೆ ಈ ಪ್ರಶ್ನೆ ನ್ಯಾಯವಾಗಿಯೇ ಕಾಣುತ್ತದೆ.

ಇದಕ್ಕೆ ಉತ್ತರ ಊರವರ ಮಾತಿನಲ್ಲಿಯೇ ಇದೆ. ಹೆರಿಗೆಗೆ ತವರಿಗೆ ಬಂದ ಮಗಳಿರುವ ಮನೆಯಲ್ಲಿ ತಾಯಿ, ಅಜ್ಜಿ, ಅತ್ತಿಗೆ ಎಲ್ಲರೂ ಓಡಾಡುತ್ತಾರೆ. ಬಾಣಂತಿಯ ಕೋಣೆಯೊಳಗೆ ದಿನಕ್ಕೆ ಹತ್ತು ಬಾರಿ ಹೋಗಿ ಬರುತ್ತಾರೆ. ಹಾಗೆಂದು ದಾರಿಹೋಕನೊಬ್ಬನು ಒಳಗೆ ನುಗ್ಗಿ ತೊಟ್ಟಿಲ ಮೇಲಿನ ಬಟ್ಟೆಯನ್ನು ಸರಿಸಿ ನೋಡಬಹುದೆ? ತವರಿನವರಿಗೆ ಇರುವ ಸಲಿಗೆ ಅವರು ಹಗಲಿರುಳು ಮಾಡಿದ ಆರೈಕೆಯಿಂದ ಬಂದದ್ದು. ಕೊಕ್ಕರೆ ಬೆಳ್ಳೂರಿನ ಹೆಂಗಸು ಮರದ ಕೆಳಗೆ ಕಸ ಗುಡಿಸುವಾಗ ಹಕ್ಕಿ ಕತ್ತೆತ್ತಿ ನೋಡುವುದಿಲ್ಲ. ಏಕೆಂದರೆ ಅವಳು ಮೇಲೆ ನೋಡದೆ ಗುಡಿಸುತ್ತಾಳೆ, ನಿನ್ನೆಯೂ ಹಾಗೆಯೇ ಗುಡಿಸಿದ್ದಳು. ಗುರಿಯಿಟ್ಟು ನೋಡುವ ಕಣ್ಣನ್ನು ಹಕ್ಕಿ ಬಹು ಬೇಗನೆ ಗುರುತಿಸುತ್ತದೆ.

ಹಕ್ಕಿಗಳ ಈ ವಿಶ್ವಾಸ ಹಳೆಯದು; ಆದರೆ ಗಟ್ಟಿಯಾದುದೇನೂ ಅಲ್ಲ. 1860ರ ದಶಕದಲ್ಲಿ ಪ್ರಕಟವಾದ ತನ್ನ ಭಾರತದ ಹಕ್ಕಿಗಳ ಗ್ರಂಥದಲ್ಲಿ ಟಿ. ಸಿ. ಜೆರ್ಡನ್ ಎಂಬ ಆಂಗ್ಲ ವೈದ್ಯನು ದಕ್ಷಿಣದ ಹಳ್ಳಿಯೊಂದರ ನಟ್ಟನಡುವೆ, ಜನರ ಸಾಮೀಪ್ಯವನ್ನು ಲೆಕ್ಕಿಸದೆ, ತಗ್ಗಿನ ಮರಗಳಲ್ಲಿ ಹೆಜ್ಜಾರ್ಲೆಗಳು ಗೂಡುಕಟ್ಟಿದುದನ್ನು ವರ್ಣಿಸಿದ್ದಾನೆ. ಅದೇ ಶತಮಾನದಲ್ಲಿ ಬರ್ಮಾದ ಸಿತ್ತಾಂಗ್ ನದಿಯ ಬಯಲಿನಲ್ಲಿ ಇದೇ ಜಾತಿಯ ಹಕ್ಕಿಗಳು ಲಕ್ಷಗಟ್ಟಲೆಯಾಗಿ ಗೂಡುಕಟ್ಟುತ್ತಿದ್ದವೆಂದು ಓಟ್ಸ್ ಎಂಬಾತನು ಬರೆದಿಟ್ಟನು. ಮೈಲಿಗಟ್ಟಲೆ ಹಬ್ಬಿದ್ದ ಆ ಪಕ್ಷಿನಗರ ಇಪ್ಪತ್ತನೆಯ ಶತಮಾನದ ನಡುಗಾಲದ ಹೊತ್ತಿಗೆ ಹೇಳಹೆಸರಿಲ್ಲದಂತೆ ಅಳಿದುಹೋಗಿತ್ತು. ಲಕ್ಷಗಳೇ ಹೀಗೆ ಕರಗಿದಾಗ, ಹತ್ತಿಪ್ಪತ್ತು ಮರಗಳನ್ನು ನೆಚ್ಚಿಕೊಂಡ ಒಂದು ಹಳ್ಳಿಯ ಹಕ್ಕಿಗಳ ಗತಿಯೇನು? 2017ರ ಕೊನೆಯಿಂದ 2018ರ ಆರಂಭದ ತಿಂಗಳುಗಳವರೆಗೆ ಕೊಕ್ಕರೆ ಬೆಳ್ಳೂರಿನಲ್ಲಿ ಜಂತುಹುಳುಗಳ ಬಾಧೆಯಿಂದ ಹೆಜ್ಜಾರ್ಲೆಗಳು ಒಂದರ ಮೇಲೊಂದರಂತೆ ಮರದಿಂದ ಉರುಳಿ ಸತ್ತವು. ಆ ದಿನಗಳಲ್ಲಿ ಊರವರು ಮನೆಯಲ್ಲಿ ಸಾವಾದವರಂತೆ ಮಂಕಾಗಿದ್ದರು.

ಹಾಗಾದರೆ ಹೆಜ್ಜಾರ್ಲೆಯ ಚಿತ್ರವನ್ನು ತೆಗೆಯುವುದೇ ಬೇಡವೆ? ಬೇಕು, ಗೂಡನ್ನು ಬಿಟ್ಟು ತೆಗೆಯಬೇಕು. ಬೆಳಗಿನ ಹೊತ್ತು ಕೆರೆಯ ಏರಿಯ ಮೇಲೆ ಸುಮ್ಮನೆ ಕುಳಿತವನಿಗೆ ಹೆಜ್ಜಾರ್ಲೆ ಮೀನು ಹಿಡಿಯುವ ಬಗೆ ಕಾಣಸಿಗುತ್ತದೆ. ಕೊಕ್ಕಿನ ಚೀಲವನ್ನು ಬಲೆಯಂತೆ ನೀರಿಗಿಳಿಸಿ, ನೀರನ್ನೂ ಮೀನನ್ನೂ ಒಟ್ಟಿಗೆ ಎತ್ತಿ, ನೀರನ್ನು ಸೋರಬಿಟ್ಟು ಮೀನನ್ನು ನುಂಗುವ ಆ ಕೆಲಸದಲ್ಲಿ ಮಂಗಳೂರಿನ ಬೆಸ್ತನಿಗೂ ಮೆಚ್ಚುಗೆಯಾಗುವ ಜಾಣತನವಿದೆ. ಹಕ್ಕಿಗಳು ಕೆರೆಯಿಂದ ಊರಿನ ಕಡೆಗೆ ಸಾಲುಗಟ್ಟಿ ಮರಳುವಾಗ ಸಂಜೆಯ ಬಾನಿನ ಮೇಲೆ ಬರೆದ ಗೆರೆಯಂತೆ ಕಾಣುತ್ತವೆ. ಈ ಚಿತ್ರಗಳಲ್ಲಿ ಹಕ್ಕಿ ಚಿಕ್ಕದಾಗಿ ಕಾಣಬಹುದು, ಕಣ್ಣಿನ ಬಣ್ಣ ತಿಳಿಯದೆ ಹೋಗಬಹುದು. ಹಕ್ಕಿ ತಾನಾಗಿ ಬಿಟ್ಟುಕೊಟ್ಟ ದೂರ ಅಷ್ಟೇ ಆಗಿದ್ದರೆ ಚಿತ್ರವೂ ಅಷ್ಟೇ ಆಗಿರಲಿ. ಕತ್ತು ನೆಟ್ಟಗಾಗಿಸಿ, ರೆಕ್ಕೆಯನ್ನು ಅರ್ಧ ಬಿಚ್ಚಿ ಹಕ್ಕಿ ಇತ್ತ ನೋಡಿತೆಂದರೆ ಛಾಯಾಗ್ರಾಹಕನು ಆಗಲೇ ಮಿತಿಯನ್ನು ಮೀರಿದ್ದಾನೆ. ಅಲ್ಲಿಂದ ಹಿಂದಕ್ಕೆ ಸರಿಯಲು ಯಾವ ಕಾಯಿದೆಯ ಅಪ್ಪಣೆಯೂ ಬೇಕಾಗಿಲ್ಲ.

ಇನ್ನೊಂದು ಸಂಗತಿಯ ಮೇಲೆ ಯಾರ ಗಮನವೂ ಅಷ್ಟಾಗಿ ಹೋಗಿಲ್ಲ. ಕೊಕ್ಕರೆ ಬೆಳ್ಳೂರಿನಿಂದ ಬಂದ ಚಿತ್ರಗಳನ್ನು ಪ್ರದರ್ಶನಗಳಲ್ಲಿ ನೋಡಿದವರಿಗೆ ಆ ಹಕ್ಕಿ ಯಾವುದೋ ಮಹಾರಣ್ಯದಲ್ಲಿ ವಾಸಿಸುವಂತೆ ತೋರುತ್ತದೆ. ಕೆಳಗಿನ ಹೆಂಚಿನ ಮಾಡು, ವಿದ್ಯುತ್ ತಂತಿ, ಹಗ್ಗಕ್ಕೆ ಹರವಿದ ಸೀರೆ ಇವುಗಳನ್ನು ಛಾಯಾಗ್ರಾಹಕನು ಜೋಪಾನವಾಗಿ ಚೌಕಟ್ಟಿನ ಹೊರಗಿಟ್ಟಿರುತ್ತಾನೆ. ನಿಸರ್ಗಚಿತ್ರದಲ್ಲಿ ಮನುಷ್ಯನ ಕೈವಾಡದ ಗುರುತು ಇರಬಾರದೆಂಬುದು ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳ ನಿಯಮ. ಬಹುಮಾನ ಬೇಕಾದವನು ಅದನ್ನು ಪಾಲಿಸಲೇಬೇಕು. ಆದರೆ ಅದೇ ನಿಯಮವು ಮನುಷ್ಯನ ಅಂಶವು ಆ ಜೀವಿಯ ಕಥೆಗೆ ಅವಿಭಾಜ್ಯವಾಗಿರುವಾಗ ವಿನಾಯಿತಿಯನ್ನೂ ಕೊಟ್ಟಿದೆ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗೆ ಅನ್ವಯಿಸದ ವಿನಾಯಿತಿ ಇನ್ನಾವ ಹಕ್ಕಿಗೆ ಅನ್ವಯಿಸಬೇಕು? ಹುಣಸೆಯ ಫಸಲನ್ನು ಕಳೆದುಕೊಂಡವನು, ಬಿದ್ದ ಮರಿಗೆ ಮೀನು ತಿನ್ನಿಸಿದವನು, ದುರ್ವಾಸನೆಯನ್ನು ಸಹಿಸಿ ಮರವನ್ನು ಉಳಿಸಿಕೊಂಡವಳು ಇವರನ್ನೆಲ್ಲ ಕತ್ತರಿಸಿ ತೆಗೆದ ಮೇಲೆ ಉಳಿಯುವುದು ಸುಂದರವಾದ ಚಿತ್ರವೇ ಇರಬಹುದು. ಅದನ್ನು ನಿಜವಾದ ಚಿತ್ರವೆಂದು ಹೇಳುವುದು ಕಷ್ಟ. ಧಕ್ಕೆಯ ಗರುಡನ ಚಿತ್ರದಲ್ಲಿ ಮೀನಿನ ಬುಟ್ಟಿಯೂ ಅದನ್ನು ಹೊತ್ತ ತಲೆಯೂ ಇರಬಾರದೆಂದರೆ ಮಂಗಳೂರಿನವರು ಒಪ್ಪಿಯಾರೆ?

ಮಾರ್ಚ್ ತಿಂಗಳ ಸಂಜೆ, ಬಿಸಿಲು ಇಳಿಯುವ ಹೊತ್ತಿಗೆ, ಆ ಊರಿನ ಬೀದಿಯ ತುದಿಯಲ್ಲಿ ನಿಂತರೆ ಎಲ್ಲವೂ ಒಂದೇ ನೋಟಕ್ಕೆ ದೊರೆಯುತ್ತದೆ. ಮಾಡಿನ ಮೇಲೆ ಬಾಗಿದ ಹುಣಸೆಯ ಮರ. ಅದರ ತುದಿಯಲ್ಲಿ ಆಗತಾನೆ ಕೆರೆಯಿಂದ ಬಂದಿಳಿದ ಹೆಜ್ಜಾರ್ಲೆ. ಅದರ ತೆರೆದ ಕೊಕ್ಕಿನೊಳಗೆ ತಲೆಯನ್ನು ಪೂರ್ತಿಯಾಗಿ ತೂರಿಸಿ ಮೀನಿಗೆ ತಡಕಾಡುವ ಬಿಳಿಯ ತುಪ್ಪುಳಿನ ಮರಿ. ಕೆಳಗೆ ಜಗಲಿಯ ಮೇಲೆ ಕುಳಿತು ಮೊರದಲ್ಲಿ ರಾಗಿ ಕೇರುತ್ತಿರುವ ಮುದುಕಿ. ಮುದುಕಿ ಮೇಲೆ ನೋಡುತ್ತಿಲ್ಲ. ಹಕ್ಕಿ ಕೆಳಗೆ ನೋಡುತ್ತಿಲ್ಲ. ಬೀದಿಯ ತುದಿಯಿಂದಲೇ, ಒಂದು ಹೆಜ್ಜೆಯನ್ನೂ ಮುಂದಿಡದೆ, ಈ ಚಿತ್ರವನ್ನು ತೆಗೆಯಬಹುದು.